ನೀವು ತೆಗೆದ ಗಾಳಿಯಲ್ಲೇ ನಮ್ಮ ಅಕ್ಷರಗಳಿದ್ದವು

ಕಾರ್ಯದಕ್ಷತಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಬೋರ್ಡಿಗೆ ಹಣೆ ಚಚ್ಚಿಕೊಂಡವಳು ನಾನೇ. ಮೂರು ತಿಂಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ನಮ್ಮ ಮುದ್ರಣಾಲಯದ ನಡುದಾರಿಯಲ್ಲಿ ಇದ್ದಕ್ಕಿದ್ದಂತೆ ತಲೆಯೆತ್ತಿ ನಿಂತಿತ್ತಲ್ಲ, ಆ ಕಬ್ಬಿಣದ ಬೋರ್ಡು. ಮೂರು ಹೊಲಿಗೆ ಬಿತ್ತು. ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಅದರಲ್ಲಿ ಏನು ಬರೆದಿದೆ ಎಂದು ಪಕ್ಕದವರನ್ನು ಕೇಳಿದೆ. ‘ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ವಸ್ತುವೂ ತನ್ನ ಜಾಗದಲ್ಲಿ’ ಎಂದು ಬರೆದಿದೆಯಂತೆ. ಹಸಿರು ಬಣ್ಣ, ದೊಡ್ಡ ಅಕ್ಷರ. ನನಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ನಮ್ಮಲ್ಲಿ ಅಚ್ಚಾಗುವುದೇ ಕಣ್ಣು ಕಾಣದ ಮಕ್ಕಳ ಪಠ್ಯಪುಸ್ತಕ. ಕೆಲಸ ಮಾಡುವ ಮೂವತ್ತೊಂದು ಜನರಲ್ಲಿ ಹದಿನಾಲ್ಕು ಜನಕ್ಕೆ ದೃಷ್ಟಿಯಿಲ್ಲ. ಆ ಬೋರ್ಡನ್ನು ಯಾರು ಓದಲಿ ಅಂತ ನಿಲ್ಲಿಸಿದಿರಿ ಸ್ವಾಮಿ?

ಹಣೆಯ ವಿಷಯ ಬಿಡಿ, ಅದು ವಾಸಿಯಾಯಿತು. ಈ ಪತ್ರ ನಿಮ್ಮ ನೋಟೀಸಿಗೆ ಉತ್ತರ. ‘ದಿನಾಂಕ ಹನ್ನೊಂದರಂದು ಮುದ್ರಣ ಯಂತ್ರವನ್ನು ಎರಡು ಗಂಟೆ ಹತ್ತು ನಿಮಿಷಗಳ ಕಾಲ ಅಕಾರಣವಾಗಿ ನಿಲ್ಲಿಸಿದ್ದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು’ ಎಂದು ಅದರಲ್ಲಿದೆ. ಅದರ ಕೆಳಗೆ ಬಾಲದಂತೆ ಇನ್ನೊಂದು ಸಾಲು: ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕರಡು ತಿದ್ದುವ ಕೋಣೆಯನ್ನು ಮುಚ್ಚಿ, ಅಲ್ಲಿನ ಹುದ್ದೆಯನ್ನು ಹೆಚ್ಚುವರಿ ಎಂದು ಪರಿಗಣಿಸಲಾಗುವುದು. ಆ ಹುದ್ದೆ ಎಂದರೆ ನಾನು. ಇಪ್ಪತ್ತಾರು ವರ್ಷದಿಂದ ಆ ಕೋಣೆಯಲ್ಲಿ ಕೂತಿದ್ದೇನೆ. ಅದಕ್ಕಿಂತ ದೊಡ್ಡ ಅನಾಹುತ ಆಗಲೇ ಆಗಿಹೋಗಿದೆ. ನಾನೂರ ಹನ್ನೆರಡು ಮಕ್ಕಳ ಕೈಯಲ್ಲಿ ಓದಲಾಗದ ಗಣಿತದ ಪುಸ್ತಕವಿದೆ, ಅವರ ಹತ್ತನೇ ತರಗತಿಯ ಪರೀಕ್ಷೆಗೆ ಏಳು ವಾರ ಉಳಿದಿದೆ, ಮತ್ತು ನೀವು ನನ್ನನ್ನು ಎರಡು ಗಂಟೆ ಹತ್ತು ನಿಮಿಷದ ಲೆಕ್ಕ ಕೇಳುತ್ತಿದ್ದೀರಿ.

ಈ ಪತ್ರವನ್ನು ಪತ್ರಿಕೆಗೂ ಕೊಟ್ಟು ಕಚೇರಿಯ ವಿಷಯವನ್ನು ಬೀದಿಗೆ ತರಬಾರದಿತ್ತು ಎನ್ನುತ್ತೀರಿ, ಗೊತ್ತು. ಕಚೇರಿಯೊಳಗೇ ಹೇಳಲು ನೋಡಿದೆ. ನೀವು ಬಾಗಿಲ ಬಳಿ ಇಡಿಸಿದ ಸಲಹಾ ಪೆಟ್ಟಿಗೆಗೆ ಮೂರು ಪತ್ರ ಹಾಕಿದೆ, ನನಗೆ ಬರುವ ಬ್ರೈಲ್ ಲಿಪಿಯಲ್ಲಿ. ತಿಂಗಳ ಕೊನೆಗೆ ನಿಮ್ಮ ವರದಿ ಬಂತು: ‘ಸಿಬ್ಬಂದಿಯಿಂದ ಓದಬಹುದಾದ ಯಾವುದೇ ಸಲಹೆ ಬಂದಿರುವುದಿಲ್ಲ.’ ಬ್ರೈಲ್ ಮುದ್ರಣಾಲಯದಲ್ಲಿ ಬ್ರೈಲ್ ಓದುವವರು ಸಿಗಲಿಲ್ಲ! ಅದಕ್ಕೇ ಈಗ ಭಾನುವಾರದ ಬೆಳಿಗ್ಗೆ ತಂಗಿಯನ್ನು ಕೂರಿಸಿಕೊಂಡು ಹೇಳುತ್ತಿದ್ದೇನೆ, ಅವಳು ನಿಮ್ಮ ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯುತ್ತಿದ್ದಾಳೆ. ನಾನು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಿದ್ದೇನೆ. “ಒಂದು ಕಡೆ ಕೂತ್ಕೊಂಡು ಹೇಳೇ, ನಂಗೆ ತಲೆ ಸುತ್ತುತ್ತೆ” ಅನ್ನುತ್ತಾಳೆ. ಆಗುವುದಿಲ್ಲ. ಎರಡು ವಾರದಿಂದ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿದೆ. ನಿಮ್ಮ ಕೈಪಿಡಿಯ ಪ್ರಕಾರ ಇದು ‘ಅನಗತ್ಯ ಚಲನೆ’. ನಮೂದಿಸಿಕೊಳ್ಳಿ.

ಹಾಂ, ಕೈಪಿಡಿ. ನಾನು ಅದನ್ನು ಓದಿಲ್ಲ ಎಂದುಕೊಂಡಿದ್ದರೆ ಅದು ನಿಮ್ಮ ಎಡವಟ್ಟು. ವ್ಯರ್ಥವನ್ನೆಲ್ಲ ಕಳೆದು ಕೆಲಸ ಚುರುಕು ಮಾಡುವ ‘ಲೀನ್’ ಪದ್ಧತಿ ಬರುತ್ತಿದೆ ಎಂದು ಸುತ್ತೋಲೆ ಬಂದಾಗ ಅದರ ಜೊತೆ ಬಂದ ನೂರಾ ನಾಲ್ಕು ಪುಟದ ಕೈಪಿಡಿಯನ್ನು ನಮ್ಮ ರೇಡಿಯೋ ಮಾಮ ನನಗೆ ಎರಡು ಮಧ್ಯಾಹ್ನ ಕೂತು ಪೂರ್ತಿ ಓದಿ ಹೇಳಿದರು. ರೇಡಿಯೋ ಮಾಮ ಅಂದರೆ ಕೆಲಸದಲ್ಲಿ ನನ್ನ ಜೋಡಿ. ಕಣ್ಣಿರುವವರು. ಕರಡು ತಿದ್ದುವಾಗ ಅವರು ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಅದೇ ಹೊತ್ತಿಗೆ ಅಚ್ಚಾದ ಬ್ರೈಲ್ ಹಾಳೆಯ ಮೇಲೆ ಬೆರಳಾಡಿಸುತ್ತೇನೆ. ಅವರ ಬಾಯಿಗೂ ನನ್ನ ಬೆರಳಿಗೂ ತಾಳೆಯಾಗದಿದ್ದ ಕಡೆ “ನಿಲ್ಸಿ” ಅನ್ನುತ್ತೇನೆ. ಆಮೇಲೆ ಆ ಹಾಳೆಯ ಅಚ್ಚಾದ ಲೋಹದ ತಗಡು ಸುತ್ತಿಗೆಯಣ್ಣನ ಬಳಿ ಹೋಗುತ್ತದೆ, ಅವನು ತಪ್ಪಾದ ಚುಕ್ಕೆಯನ್ನು ಬಡಿದು ಮಟ್ಟಮಾಡಿ ಸರಿಯಾದದ್ದನ್ನು ಎಬ್ಬಿಸುತ್ತಾನೆ. ತಿದ್ದಿದ ತಗಡುಗಳ ನಡುವೆ ದಪ್ಪ ಕಾಗದ ಒತ್ತಿದರೆ ಚುಕ್ಕೆಗಳು ಉಬ್ಬುತ್ತವೆ. ಆ ಉಬ್ಬೇ ನಮ್ಮ ಅಕ್ಷರ. ಇಷ್ಟೇ ನಮ್ಮ ಕೆಲಸ.

ನಿಜ ಹೇಳಲೇ? ಕೈಪಿಡಿ ಕೇಳಿ ನನಗೆ ಖುಷಿಯಾಗಿತ್ತು. ಮಾಮ ಒಂದೊಂದು ಪುಟ ಓದಿದಾಗಲೂ “ಅಯ್ಯೋ, ಇದು ನಮ್ಮಮ್ಮಂದೇ ಮಾತು!” ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಸ್ಟೂಲಿಗೂ ವಿಳಾಸ ಇತ್ತು. ಉಪ್ಪಿನ ಡಬ್ಬಿ ಒಲೆಯ ಎಡಕ್ಕೆ ಎರಡು ಗೇಣು, ಕತ್ತರಿ ಕಿಟಕಿಯ ಮೊಳೆಗೆ, ಚಪ್ಪಲಿ ಹೊಸಿಲಿನ ಬಲಕ್ಕೆ. ಒಂದು ಸಲ ಅಪ್ಪ ಬಲ್ಬು ಬದಲಾಯಿಸಿ ಸ್ಟೂಲನ್ನು ಅಲ್ಲೇ ಬಿಟ್ಟು ಹೋದರು. ನಾನು ಮುಗ್ಗರಿಸಿದೆ. ಅಮ್ಮ ಅಪ್ಪನಿಗೆ ಎರಡು ದಿನ ಮಾತಿನಲ್ಲೇ ಮಂಗಳಾರತಿ ಮಾಡಿದಳು: “ನಿಮಗೆ ಅದು ಸ್ಟೂಲು ಕಣ್ರೀ, ಅವಳಿಗೆ ಅದು ಗೋಡೆ.” ಮನೆಯಲ್ಲಿ ಯಾವ ಹಸಿರು ಬೋರ್ಡೂ ಇರಲಿಲ್ಲ. ವಸ್ತು ಜಾಗದಲ್ಲಿಲ್ಲದಿದ್ದರೆ ಯಾರಿಗೆ ಪೆಟ್ಟಾಗುತ್ತದೆ ಎಂಬುದು ಅಮ್ಮನಿಗೆ ಗೊತ್ತಿತ್ತು, ಅಷ್ಟೇ. ಮುದ್ರಣಾಲಯದಲ್ಲೂ ನಾವು ಹದಿನಾಲ್ಕು ಜನ ಅದನ್ನೇ ಮಾಡಿಕೊಂಡಿದ್ದೆವು. ಸುತ್ತಿಗೆಯಣ್ಣನಿಗೂ ಒಂದು ಕಣ್ಣಲ್ಲಿ ಮಬ್ಬು ಬೆಳಕು ಮಾತ್ರ. ಆದರೂ ಅವನು ಕೈಚಾಚಿದರೆ ಸುತ್ತಿಗೆ ಸಿಗುತ್ತಿತ್ತು. ಅವನು ತಡಕಾಡಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ಆಮೇಲೆ ನಿಮ್ಮ ಸಲಹೆಗಾರರು ಬಂದರು. ಧ್ವನಿಯಿಂದ ಮೂವತ್ತರ ಆಸುಪಾಸು, ಮಾತು ಮೃದು, ಕೈಯಲ್ಲಿ ಟಿಕ್ ಟಿಕ್ ಗಡಿಯಾರ. ಅವರಿಗೆ ನಾನು ಅನ್ಯಾಯ ಮಾಡುವುದಿಲ್ಲ. ಕಾಗದದ ದಾಸ್ತಾನನ್ನು ಹಿಂದಿನ ಕಟ್ಟಡದಿಂದ ಯಂತ್ರದ ಪಕ್ಕಕ್ಕೆ ತಂದರು. ದಿನಕ್ಕೆ ನೂರಾರು ಹೆಜ್ಜೆ ಉಳಿಯಿತು, ಕಾಗದ ಹೊರುವವರ ಬೆನ್ನು ಉಳಿಯಿತು. ಬೇಕಾದದ್ದಕ್ಕಿಂತ ಜಾಸ್ತಿ ಅಚ್ಚು ಹಾಕಿ ಗೋದಾಮಿನಲ್ಲಿ ಕೊಳೆಸುವುದನ್ನೂ ನಿಲ್ಲಿಸಿದರು. ಶಹಬ್ಬಾಸ್ ಅನ್ನಬೇಕಾದ ಕೆಲಸ, ಅಂದೆ ಕೂಡ. ಆದರೆ ಅದಾದ ಶನಿವಾರ ನಮಗೆಲ್ಲ ರಜೆ ಕೊಟ್ಟು, ನಾವಿಲ್ಲದ ಹೊತ್ತಿನಲ್ಲಿ, ಇಡೀ ಮುದ್ರಣಾಲಯವನ್ನು ‘ಒಪ್ಪ’ ಮಾಡಿದರು. ಸೋಮವಾರ ಬಂದರೆ ಕುಡಿಯುವ ನೀರು ಇದ್ದ ಕಡೆ ತಗಡಿನ ಚೂರು. ನೆಲಕ್ಕೆ ಹಳದಿ ಗೆರೆ ಎಳೆದಿದ್ದಾರಂತೆ, ಅದರೊಳಗೇ ನಡೆಯಬೇಕಂತೆ. ಸುತ್ತಿಗೆಯಣ್ಣ ಖಾಲಿ ಮೇಜನ್ನು ಎರಡೂ ಕೈಯಲ್ಲಿ ತಟ್ಟುತ್ತಾ ಕೂಗಿದ:

“ಯಾರೋ ನನ್ನ ಸುತ್ತಿಗೆ ಎತ್ತಾಕ್ಕೊಂಡು ಹೋಗಿದಾರಲ್ರೋ!”

“ಇಲ್ಲಣ್ಣಾ, ಗೋಡೆ ಮೇಲಿದೆ,” ಅಂದರು ಮಾಮ. “ಸುತ್ತಿಗೆ ಚಿತ್ರ ಬರೆದು, ಚಿತ್ರದ ಮೇಲೆ ಸುತ್ತಿಗೆ ನೇತು ಹಾಕಿದಾರೆ. ಎಲ್ಲಿದೆ ಅಂತ ಥಟ್ ಅಂತ ಕಾಣ್ಲಿ ಅಂತ.”

“ಯಾರಿಗೆ?” ಅಂದ ಅಣ್ಣ.

ಆಗ ನಾನು ಅವನಿಗೆ ಸುತ್ತಿಗೆ ತಂದುಕೊಡೋಣ ಎಂದು ಎದ್ದೆ. ನಾಲ್ಕನೇ ಹೆಜ್ಜೆಗೆ ನಿಮ್ಮ ಬೋರ್ಡು ಸಿಕ್ಕಿತು.

ಹೊಲಿಗೆ ಮಾಯುವ ಮೊದಲೇ ಸಲಹೆಗಾರರು ನಮ್ಮ ಕೋಣೆಗೆ ಬಂದರು. ಗಡಿಯಾರ ಒತ್ತಿ ಪಕ್ಕದಲ್ಲಿ ಕೂತರು. ಒಂದು ಪುಟಕ್ಕೆ ಹನ್ನೊಂದು ನಿಮಿಷ.

“ಮೇಡಂ, ಒಂದೇ ಪುಟಾನ ಇಬ್ಬರು ಯಾಕೆ ಓದ್ತೀರಾ?”

“ಅವರ ಹತ್ರ ಕಣ್ಣಿದೆ, ನನ್ನ ಹತ್ರ ಬೆರಳಿದೆ. ಎರಡೂ ಒಬ್ಬರ ಹತ್ರಾನೇ ಇಲ್ವಲ್ಲಪ್ಪಾ.”

“ಸರಿ, ಆದ್ರೆ ಹನ್ನೊಂದರಲ್ಲಿ ನಾಲ್ಕು ನಿಮಿಷ ನಿಮ್ಮ ಬೆರಳು ಓದಿದ ಸಾಲಿಗೇ ವಾಪಸ್ ಹೋಗ್ತಿದೆ. ಇದು ಮರುಗೆಲಸ. ಇಷ್ಟೂ ವ್ಯರ್ಥ.”

“ವಾಪಸ್ ಹೋಗ್ಬೇಕು.”

“ಯಾಕೆ?”

“ಅದೊಂದು ಕಥೆ.”

“ಒಂದು ನಿಮಿಷದಲ್ಲಿ ಹೇಳಿ ಮೇಡಂ.”

ಒಂದು ನಿಮಿಷದಲ್ಲಿ ಹೇಳುವ ಕಥೆಯಲ್ಲ ಅದು, ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನೂ ಭಾರೀ ಚುರುಕಾಗಿದ್ದೆ. ಪುಟಕ್ಕೆ ಆರು ನಿಮಿಷ. ಬೆರಳನ್ನು ಹಿಂದಕ್ಕೆ ಬಿಡುತ್ತಲೇ ಇರಲಿಲ್ಲ, ಎಲ್ಲರೂ ಬೆನ್ನು ತಟ್ಟುತ್ತಿದ್ದರು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಒಬ್ಬ ವಯಸ್ಸಾದ ಮೇಷ್ಟ್ರು ಎರಡು ಬಸ್ಸು ಬದಲಾಯಿಸಿ ನಮ್ಮ ಮುದ್ರಣಾಲಯಕ್ಕೆ ಬಂದರು. ಅವರಿಗೂ ಕಣ್ಣಿರಲಿಲ್ಲ. ಕೂಗಾಡಲಿಲ್ಲ, ಬೈಯಲಿಲ್ಲ. ನನ್ನ ಬೆರಳು ಹಿಡಿದು ವಿಜ್ಞಾನ ಪುಸ್ತಕದ ಒಂದು ಕೋಷ್ಟಕದ ಮೇಲಿಟ್ಟು, “ಇಲ್ಲಿ ಓದಮ್ಮಾ” ಅಂದರು. ಒಂದು ಇಡೀ ಸಾಲು ಇರಲಿಲ್ಲ. “ನನ್ನ ಮಕ್ಕಳು ಆ ಸಾಲು ಪ್ರಪಂಚದಲ್ಲೇ ಇಲ್ಲ ಅಂದುಕೊಂಡು ಪರೀಕ್ಷೆ ಬರೀತಾರೆ” ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವತ್ತಿನಿಂದ ನನ್ನ ಬೆರಳು ಹಿಂದಕ್ಕೆ ಹೋಗುತ್ತದೆ. ನಿಮ್ಮ ಗಡಿಯಾರ ಹಿಡಿದ ಆ ನಾಲ್ಕು ನಿಮಿಷದಲ್ಲಿ ಆ ಮೇಷ್ಟ್ರಿದ್ದಾರೆ ಸ್ವಾಮಿ. ಅವರನ್ನು ನೀವು ವ್ಯರ್ಥದ ಪಟ್ಟಿಗೆ ಸೇರಿಸಿದಿರಿ.

ತಂಗಿ ಕೇಳುತ್ತಿದ್ದಾಳೆ: “ಅಕ್ಕಾ, ಮತ್ತೆ ‘ಸ್ವಾಮಿ’ ಅಂದೆ. ದೊಡ್ಡ ಅಧಿಕಾರಿಗೆ ಹೀಗೆ ಬರೀಬಹುದಾ?” ಬರಿ ಅಂದೆ. ಈಗಿನ್ನೂ ಮುಖ್ಯವಾದ ವಿಷಯಕ್ಕೆ ಬಂದಿಲ್ಲ.

ಮುಂದಿನ ವಾರ ರೇಡಿಯೋ ಮಾಮನನ್ನು ಗೋದಾಮಿಗೆ ಹಾಕಿದಿರಿ, ಕಟ್ಟು ಎಣಿಸುವುದಕ್ಕೆ. ಊಟದ ಹೊತ್ತಿಗೆ ಬಂದು “ಒಂದು ಪುಟ ಓದ್ಲೇನಮ್ಮಾ? ಬಾಯಿ ತುಕ್ಕು ಹಿಡೀತಾ ಇದೆ” ಅನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ. ಅವರ ಜಾಗಕ್ಕೆ ಒಂದು ತಂತ್ರಾಂಶ ಬಂತು. ಅಚ್ಚಿಗೆ ಮೊದಲೇ ಗಣಕದಲ್ಲಿ ತಪ್ಪು ಹುಡುಕುತ್ತದೆ, ‘ದೋಷ: ಸೊನ್ನೆ’ ಎನ್ನುತ್ತದೆ. ಒಳ್ಳೆಯದೇ, ಹುಡುಕಲಿ. ಆದರೆ ಅದು ಗಣಕದೊಳಗಿನದನ್ನು ನೋಡುತ್ತದೆ. ನಾನು ಮಗುವಿನ ಕೈಗೆ ಹೋಗುವ ಹಾಳೆಯನ್ನು ಮುಟ್ಟುತ್ತೇನೆ. ಇವೆರಡರ ನಡುವೆ ತಗಡಿದೆ, ಯಂತ್ರವಿದೆ, ಕಾಗದವಿದೆ. ಈಗ ನಿಮ್ಮ ದಯೆಯಿಂದ ಇನ್ನೊಂದು ಸೇರಿದೆ: ಕಟ್ಟುವ ಯಂತ್ರ.

ಬ್ರೈಲ್ ಹಾಳೆಗಳನ್ನು ನಾವು ಯಾವತ್ತೂ ನೆಟ್ಟಗೆ, ಸಡಿಲವಾಗಿ ನಿಲ್ಲಿಸಿ ಇಡುತ್ತಿದ್ದೆವು. ಎರಡು ಕೋಣೆ ಬೇಕಾಗುತ್ತಿತ್ತು. ನಿಮ್ಮ ಸಲಹೆಗಾರರು ಹಾಳೆಗಳ ನಡುವೆ ಇಣುಕಿ, “ಅರ್ಧಕ್ಕರ್ಧ ಬರೀ ಗಾಳಿ ಇಟ್ಟಿದೀರಲ್ಲ!” ಎಂದು ಅಚ್ಚರಿಪಟ್ಟರಂತೆ. ಹೌದಪ್ಪಾ, ಗಾಳಿಯೇ. ಉಬ್ಬಿದ ಚುಕ್ಕೆ ಉಬ್ಬಿಯೇ ಇರಬೇಕಾದರೆ ಅದರ ತಲೆಯ ಮೇಲೆ ಗಾಳಿ ಇರಬೇಕು. ಆ ಗಾಳಿಯಲ್ಲೇ ನಮ್ಮ ಅಕ್ಷರ ಇರುವುದು. ನೀವು ಅದನ್ನು ಹಿಂಡಿ ತೆಗೆದಿರಿ. ಹಾಳೆಗಳನ್ನು ಮಲಗಿಸಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು, ಒಂದರ ಮೇಲೊಂದು ಹನ್ನೆರಡು ಕಟ್ಟು ಪೇರಿಸಿದಿರಿ. ಎರಡು ಕೋಣೆಯ ಸಾಮಾನು ಒಂದು ಕೋಣೆಗೆ ಬಂತು. ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನೂ ಎಲ್ಲರ ಜೊತೆ ತಟ್ಟಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಪೇರಿಸಿದ್ದಾರೆ ಎಂದು ಆಗ ಯಾರೂ ಹೇಳಿರಲಿಲ್ಲ, ಏನನ್ನು ಹೇಗೆ ಕಡಿಮೆ ಮಾಡಿದರು ಎಂದು ನಾನೂ ಕೇಳಲಿಲ್ಲ.

ಹತ್ತನೇ ತರಗತಿಯ ಗಣಿತದ ನಾನೂರ ಹನ್ನೆರಡು ಪ್ರತಿ ಹೀಗೇ ಕಟ್ಟಿ, ಪೇರಿಸಿ, ಮೂರು ವಾರ ಇಟ್ಟು, ಹೊಲಿದು ಶಾಲೆಗಳಿಗೆ ಕಳಿಸಿದರು. ರೇಖಾಗಣಿತದ ಭಾಗ ಕಷ್ಟದ್ದು ಅಂತ ಅದೇ ಮೊದಲು ಅಚ್ಚಾಗಿತ್ತು. ಹಾಗಾಗಿ ಅದರ ಕಟ್ಟುಗಳೇ ಎಲ್ಲಕ್ಕಿಂತ ಅಡಿಗೆ ಬಿದ್ದಿದ್ದವು. ನಲವತ್ತೊಂದರಿಂದ ಅರವತ್ತೆಂಟನೇ ಪುಟದವರೆಗೆ.

ಈ ತಿಂಗಳ ಹತ್ತನೇ ತಾರೀಖು ನನಗೊಂದು ಪತ್ರ ಬಂತು. ಬ್ರೈಲಿನಲ್ಲಿ. ಯಾವುದೋ ಶಾಲೆಯ ಹತ್ತನೇ ತರಗತಿಯ ಹುಡುಗಿ, ಪುಸ್ತಕದ ಕೊನೆಯಲ್ಲಿ ಕರಡು ತಿದ್ದುವ ಕೋಣೆಯ ವಿಳಾಸ ನೋಡಿ ಬರೆದಿದ್ದಾಳೆ. ಅವಳ ಮಾತನ್ನೇ ಹೇಳುತ್ತೇನೆ. “ಮೇಡಂ, ನನ್ನ ಬೆರಳು ಹಾಳಾಗಿದೆ ಅನ್ಸುತ್ತೆ. ನಲವತ್ತೊಂದನೇ ಪುಟದಿಂದ ನನಗೆ ಏನೂ ಸರಿಯಾಗಿ ಸಿಗ್ತಿಲ್ಲ. ತ್ರಿಭುಜಕ್ಕೆ ಎರಡೇ ಬದಿ ಸಿಗ್ತಿವೆ. ಬಿಸಿನೀರಲ್ಲಿ ಕೈ ಅದ್ದಿ ನೋಡ್ದೆ, ಎಣ್ಣೆ ಹಚ್ಚಿ ನೋಡ್ದೆ. ಟೀಚರ್ ನೀನು ಅಭ್ಯಾಸ ಮಾಡ್ತಿಲ್ಲ ಅಂದ್ರು. ಬೆರಳು ಹೋದ್ರೆ ನಾನು ಮುಂದೆ ಹೇಗೆ ಓದ್ಲಿ? ಮನೇಲಿ ಇನ್ನೂ ಹೇಳಿಲ್ಲ. ಬೆರಳಿಗೆ ಏನಾದ್ರೂ ಔಷಧಿ ಇದ್ರೆ ತಿಳಿಸಿ.”

ಓದಿದಿರಾ? ಪುಸ್ತಕ ಸರಿಯಿಲ್ಲ ಎಂದು ಅವಳಿಗೆ ಹೊಳೆಯಲೇ ಇಲ್ಲ. ನಮ್ಮನ್ನು ಅಷ್ಟು ನಂಬಿದ್ದಳು. ತನ್ನ ಬೆರಳೇ ಸತ್ತಿದೆ ಎಂದುಕೊಂಡು ವಾರಗಟ್ಟಲೆ ಒಬ್ಬಳೇ ಹೆದರಿಕೊಂಡು ಕೂತಿದ್ದಳು. ನಾನು ಆ ಪತ್ರ ಮುಗಿಸಿ ಅತ್ತೆ ಸ್ವಾಮಿ, ಕೆಲಸದ ಹೊತ್ತಿನಲ್ಲಿ, ಎಷ್ಟು ನಿಮಿಷ ಅಂತ ಗೊತ್ತಿಲ್ಲ.

ಮರುದಿನ, ಅಂದರೆ ನಿಮ್ಮ ನೋಟೀಸಿನ ಹನ್ನೊಂದನೇ ತಾರೀಖು, ಮಾಮನ ಕೈ ಹಿಡಿದು ಗೋದಾಮಿಗೆ ಹೋದೆ. ವಿಜ್ಞಾನದ ಹಾಳೆಗಳನ್ನು ಅದೇ ರೀತಿ ಬಿಗಿದು ಪೇರಿಸುತ್ತಿದ್ದರು. ಅಡಿಯ ಕಟ್ಟೊಂದನ್ನು ಎಳೆಸಿ ಬಿಚ್ಚಿಸಿದೆ. ಬೆರಳಿಟ್ಟರೆ ಒರೆಸಿದ ಗೋಡೆ ಮುಟ್ಟಿದ ಹಾಗೆ. ನೇರ ಮುದ್ರಣ ಯಂತ್ರದ ಬಳಿ ಬಂದು ಕೆಂಪು ಗುಂಡಿ ಒತ್ತಿದೆ. ಆ ಗುಂಡಿಯನ್ನು ಹಾಕಿಸಿದ್ದು ನೀವೇ. ‘ದೋಷ ಕಂಡ ಯಾವ ಕೆಲಸಗಾರನಾದರೂ ಯಾರ ಅಪ್ಪಣೆಗೂ ಕಾಯದೆ ಯಂತ್ರ ನಿಲ್ಲಿಸಬೇಕು’ ಎನ್ನುವುದು ನಿಮ್ಮ ಕೈಪಿಡಿಯ ಮೂವತ್ತೊಂದನೇ ಪುಟ. ಮಾಮನ ಬಾಯಲ್ಲಿ ಎರಡು ಸಲ ಓದಿಸಿದ್ದೆ, ಅಷ್ಟು ಇಷ್ಟವಾಗಿತ್ತು ಆ ಸಾಲು.

ಮ್ಯಾನೇಜರ್ ಸಾಹೇಬರು ಓಡಿ ಬಂದರು.

“ಯಾರ್ರೀ ನಿಲ್ಸಿದ್ದು?”

“ನಾನು ಸಾರ್.”

“ನಿಮಗೇನ್ರೀ ಗೊತ್ತಾಯ್ತು?”

“ಬೆರಳಿಗೆ ಏನೂ ತಾಗ್ಲಿಲ್ಲ ಸಾರ್. ಅದಕ್ಕೇ ನಿಲ್ಸಿದೆ.”

ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರಂತೆ. ನಿಮ್ಮ ವಿಭಾಗದವರು ಇಬ್ಬರು ಬಂದು ಅವರೂ ನೋಡಿದರಂತೆ. “ಚೆನ್ನಾಗೇ ಇದೆಯಲ್ರೀ, ಚುಕ್ಕೆ ಎಲ್ಲಾ ಎದ್ದು ಕಾಣ್ತಿದೆ” ಅಂದರು. ಒಬ್ಬರೂ, ಒಬ್ಬರೇ ಒಬ್ಬರೂ, ಬೆರಳಿಟ್ಟು ನೋಡಲಿಲ್ಲ. ಯಂತ್ರ ಮತ್ತೆ ಶುರುವಾಯಿತು, ನನಗೆ ನೋಟೀಸು ಬಂತು. ‘ಅಕಾರಣವಾಗಿ’ ಎಂಬ ಪದವನ್ನು ಯಾರು ಹಾಕಿದರು? ನೀವೇ ಹಾಕಿದಿರೋ, ಬರೆದುಕೊಟ್ಟದ್ದಕ್ಕೆ ಸಹಿ ಮಾಡಿದಿರೋ? ಇಡೀ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿರುವುದು ಮೂರೇ ಮಾತು ಎಂದು ಮಾಮ ಹೇಳಿದ್ದರು. ಕೆಲಸ ನಡೆಯುವ ಕಡೆಗೆ ಹೋಗಿ, ಮಾಡುವವರನ್ನು ಕೇಳಿ, ಬಳಸುವವರಿಗೆ ಬೇಕಾದದ್ದೇ ಮೌಲ್ಯ. ಈ ಮೂರು ಮಾತಿರುವ ಒಂದು ಪುಟವನ್ನು ಬಿಟ್ಟು ಉಳಿದ ನೂರಾ ಮೂರು ಪುಟವನ್ನೂ ನೀವು ಜಾರಿಗೆ ತಂದಿದ್ದೀರಿ. ನಾನು ಲೀನ್ ಪದ್ಧತಿಯ ವಿರೋಧಿಯಲ್ಲ. ನಮ್ಮ ಮುದ್ರಣಾಲಯದಲ್ಲಿ ಅದನ್ನು ಪೂರ್ತಿ ನಂಬಿ ಕೆಟ್ಟವಳು ನಾನೊಬ್ಬಳೇ ಇರಬೇಕು.

ಇದು ನನ್ನ ಸಮಜಾಯಿಷಿ. ಈಗ ನನ್ನ ಬೇಡಿಕೆ. ಕಟ್ಟುವ ಯಂತ್ರವನ್ನು ನಾಳೆಯೇ ನಿಲ್ಲಿಸಿ. ಕಳಿಸಿದ ಪುಸ್ತಕಗಳಿಗೆಲ್ಲ ನಲವತ್ತೊಂದರಿಂದ ಅರವತ್ತೆಂಟರವರೆಗಿನ ಪುಟಗಳನ್ನು ಹೊಸದಾಗಿ ಅಚ್ಚು ಹಾಕಿಸಿ, ನೆಟ್ಟಗೆ ನಿಲ್ಲಿಸಿ, ಸಡಿಲವಾಗಿ ಕಳಿಸಿ. ತಗಡುಗಳು ಇನ್ನೂ ಇವೆ, ಸುತ್ತಿಗೆಯಣ್ಣ ಎರಡು ದಿನ ಸಾಕು ಅನ್ನುತ್ತಾನೆ. ಪುಸ್ತಕ ತಪ್ಪು, ಬೆರಳು ತಪ್ಪಲ್ಲ ಎಂದು ಪ್ರತಿ ಶಾಲೆಗೂ ಬ್ರೈಲಿನಲ್ಲಿ ಒಂದು ಕಾಗದ ಬರೆಯಿರಿ. ಮಾಮನನ್ನು ನನ್ನ ಕೋಣೆಗೆ ವಾಪಸ್ ಕಳಿಸಿ. ಆ ಕೋಣೆಯನ್ನು ಮುಚ್ಚಲೇಬೇಕು ಅಂತಿದ್ದರೆ, ಮುಚ್ಚುವ ಮೊದಲು ಒಂದು ದಿನ ಬಂದು ಅಲ್ಲಿ ಕೂತು ಕೇಳಿ. ಗಡಿಯಾರ ತರಬೇಡಿ.

ಈ ಪತ್ರದ ಒಂದು ಪ್ರತಿಯ ಜೊತೆ ನಿಮ್ಮ ಕಚೇರಿಗೆ ಎರಡು ಹಾಳೆ ಅಂಚೆಯಲ್ಲಿ ಬರುತ್ತಿವೆ. ಎರಡೂ ನಲವತ್ತೊಂದನೇ ಪುಟವೇ. ಒಂದು ಕಟ್ಟುವ ಮೊದಲಿನದು, ಇನ್ನೊಂದು ಕಟ್ಟಿದ ಮೇಲಿನದು. ಯಾವುದು ಯಾವುದೆಂದು ಗುರುತು ಹಾಕಿಲ್ಲ. ಕಣ್ಣಲ್ಲಿ ನೋಡಿದರೆ ನಿಮಗೆ ಏನೂ ತಿಳಿಯುವುದಿಲ್ಲ. ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಬೆರಳಾಡಿಸಿ. ಬೇಕಾದರೆ ಹಿಂದಕ್ಕೂ ಹೋಗಿ.

ಆ ಹುಡುಗಿಗೆ ನಾನು ಅವತ್ತೇ ಉತ್ತರ ಬರೆದೆ: ನಿನ್ನ ಬೆರಳು ಚೆನ್ನಾಗಿದೆ ಕಂದಾ, ತಪ್ಪು ನಮ್ಮದು. ಆಮೇಲೆ ಪ್ರತಿದಿನ ಕೆಲಸ ಬಿಟ್ಟ ಮೇಲೆ ಮಾಮ ನಮ್ಮ ಮನೆಗೆ ಬಂದು ಓದಿದರು, ನಾನು ಬ್ರೈಲ್ ಸ್ಲೇಟು ಮತ್ತು ಮೊನೆಕಡ್ಡಿ ಹಿಡಿದು ಒಂದೊಂದೇ ಚುಕ್ಕೆ ಚುಚ್ಚಿದೆ. ಇಪ್ಪತ್ತೆಂಟು ಪುಟ. ತ್ರಿಭುಜಗಳಿಗೆ ದಾರ ಅಂಟಿಸಿಕೊಟ್ಟವಳು ಈ ಪತ್ರ ಬರೆಯುತ್ತಿರುವ ತಂಗಿ. ಮೂರೂ ಬದಿ ಇವೆ, ಎರಡೆರಡು ಸಲ ಬೆರಳಾಡಿಸಿ ನೋಡಿದ್ದೇನೆ. ನಿನ್ನೆ ಎರಡು ರಟ್ಟಿನ ನಡುವೆ ಸಡಿಲವಾಗಿಟ್ಟು ಕಳಿಸಿದೆ. ಒಂದು ಪುಸ್ತಕ ಸರಿಯಾಯಿತು. ಇನ್ನು ನಾನೂರ ಹನ್ನೊಂದು ಉಳಿದಿವೆ. ನನ್ನ ಕೈಯಲ್ಲಿ ಅಷ್ಟು ಆಗುವುದಿಲ್ಲ ಸ್ವಾಮಿ, ಅವು ನಿಮ್ಮವು.

ಇಂತಿ,
ನಿಮ್ಮ ವರದಿಯ ಇಪ್ಪತ್ತಮೂರನೇ ಪುಟದಲ್ಲಿ ‘ಮೌಲ್ಯ ಸೇರಿಸದ ಚಟುವಟಿಕೆ’ ಎಂದು ನಮೂದಾಗಿರುವ,
ಒಂದನೇ ತಾರೀಖಿನವರೆಗೆ ಮಾತ್ರ ಕರಡು ತಿದ್ದುವವಳು